ತೆಗೆಯುವ ಡಬ್ಬಿ, ತೆಗೆಯದ ಡಬ್ಬಿ

ಒಣ ಪದಾರ್ಥ ತುಂಬಿಡುವುದಕ್ಕೆ ಯಾವ ಡಬ್ಬಿ ಒಳ್ಳೆಯದು ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ಅದನ್ನು ಮತ್ತೆ ಯಾವಾಗ ತೆಗೀತೀರಿ? ನಾಳೆ ಬೆಳಿಗ್ಗೆಯಾ, ಮುಂದಿನ ತಿಂಗಳಾ, ಐದು ವರ್ಷ ಬಿಟ್ಟಾ? ಕೇಳಿದವರಿಗೆ ಸ್ವಲ್ಪ ಕಿರಿಕಿರಿಯಾಗುತ್ತದೆ. ಗಾಜು, ಸ್ಟೀಲು, ಪ್ಲಾಸ್ಟಿಕ್ಕು, ಈ ಮೂರರಲ್ಲಿ ಒಂದರ ಹೆಸರು ಹೇಳಿಬಿಟ್ಟರೆ ಮುಗೀತಲ್ಲ ಅನ್ನುವುದು ಅವರ ಲೆಕ್ಕ.

ಆದರೆ ದಿನಾ ತೆಗೆಯುವ ಡಬ್ಬಿಯ ಕೆಲಸವೇ ಬೇರೆ, ವರ್ಷಗಟ್ಟಲೆ ಮುಟ್ಟದೆ ಇಡುವ ಡಬ್ಬಿಯ ಕೆಲಸವೇ ಬೇರೆ. ಮೊದಲನೆಯದು ಕೈಗೆ ಸಲೀಸಾಗಿ ಸಿಗಬೇಕು. ಮುಚ್ಚಳ ಒದ್ದಾಡಿಸದೆ ಬರಬೇಕು. ಒಳಗೆ ಕೈ ಹೋಗುವಷ್ಟು ಬಾಯಿ ಅಗಲ ಇರಬೇಕು, ತೊಳೆಯುವುದು ಸುಲಭವಾಗಬೇಕು. ಎರಡನೆಯದಕ್ಕೆ ಇದ್ಯಾವುದೂ ಬೇಡ. ಅದು ಗಾಳಿ ಬಿಡಬಾರದು, ತೇವ ಬಿಡಬಾರದು, ಬೆಳಕು ಬಿಡಬಾರದು, ಇಲಿಯ ಹಲ್ಲಿಗೆ ಸಿಗಬಾರದು. ತೆಗೆಯುವುದು ಕಷ್ಟವಾದಷ್ಟೂ ಒಳ್ಳೆಯದೇ. ಒಂದೇ ಡಬ್ಬಿ ಎರಡೂ ಕೆಲಸ ಮಾಡಲಿ ಅಂತ ಹುಡುಕುವುದರಲ್ಲೇ ಜಾಸ್ತಿ ದುಡ್ಡು ಹೋಗುತ್ತದೆ. ಕೊನೆಗೆ ಸಿಗುವುದು ಎರಡನ್ನೂ ಅರ್ಧಂಬರ್ಧ ಮಾಡುವ ಡಬ್ಬಿ.

ಮುಚ್ಚಳ ತೆಗೆದಾಗ ಏನಾಗುತ್ತದೆ ನೋಡಿ. ಒಳಗಿದ್ದ ಗಾಳಿ ಬದಲಾಗುತ್ತದೆ. ಅಡುಗೆ ಮನೆಯಲ್ಲಿ ಏನೋ ಕುದಿಯುತ್ತಿರುತ್ತದೆ, ಅದರ ಹಬೆ ಗಾಳಿಯಲ್ಲಿ ಇರುತ್ತದೆ. ಅಳತೆ ಲೋಟದ ತಳ ಕೆಲವೊಮ್ಮೆ ಒದ್ದೆ ಇರುತ್ತದೆ. ಅಂಚಿನ ಮೇಲೆ ನಾಲ್ಕು ಕಾಳು ಕೂತು ಮುಚ್ಚಳ ಸರಿಯಾಗಿ ಕೂರುವುದಿಲ್ಲ. ಇದು ಯಾರ ತಪ್ಪೂ ಅಲ್ಲ, ಬಳಸುವುದು ಅಂದರೆ ಇದೇ. ಹಾಗಾಗಿ ದಿನಾ ತೆಗೆಯುವ ಡಬ್ಬಿಗೆ ಏನೇ ಬಿಗಿ ಮುಚ್ಚಳ ಹಾಕಿದರೂ ಅದರಲ್ಲಿ ದೀರ್ಘಕಾಲದ ಸಂಗ್ರಹ ಆಗುವುದಿಲ್ಲ. ಅದರ ಪಾಡಿಗೆ ಅದು ಒಂದೆರಡು ತಿಂಗಳಲ್ಲಿ ಖಾಲಿಯಾಗಬೇಕು. ಅಷ್ಟರಮಟ್ಟಿಗೆ ಮನೆಯಲ್ಲಿರುವ ಯಾವ ಸ್ಟೀಲ್ ಡಬ್ಬಿಯೂ ನಡೆಯುತ್ತದೆ. ಅದರ ಬಗ್ಗೆ ಇನ್ನು ಹೆಚ್ಚು ಹೇಳುವುದಿಲ್ಲ.

ಮುಟ್ಟದೆ ಇಡುವ ಡಬ್ಬಿಯ ವಿಷಯಕ್ಕೆ ಬರೋಣ.

ಒಣ ಪದಾರ್ಥ ಕೆಡುವುದಕ್ಕೆ ಮುಖ್ಯವಾಗಿ ಐದು ಕಾರಣ: ತೇವ, ಆಮ್ಲಜನಕ, ಬೆಳಕು, ಶಾಖ, ಹುಳ-ಇಲಿ. ಆದರೆ ಎಲ್ಲ ಪದಾರ್ಥಕ್ಕೂ ಎಲ್ಲ ಕಾರಣವೂ ಒಂದೇ ಸಮ ಅನ್ವಯಿಸುವುದಿಲ್ಲ. ಉಪ್ಪಿಗೆ ಆಮ್ಲಜನಕ ಇದ್ದರೆಷ್ಟು, ಬಿಟ್ಟರೆಷ್ಟು. ಅದಕ್ಕೆ ತೇವ ಒಂದೇ ಶತ್ರು. ಗಾಳಿಯ ಆರ್ದ್ರತೆ ಸುಮಾರು ಶೇಕಡಾ 75 ದಾಟಿದರೆ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಂಡು ಕರಗತೊಡಗುತ್ತದೆ. ಸಕ್ಕರೆಯದೂ ಹೆಚ್ಚುಕಡಿಮೆ ಅದೇ ಕಥೆ, ಅದು ಇನ್ನೂ ಸ್ವಲ್ಪ ಹೆಚ್ಚು ತಡೆದುಕೊಳ್ಳುತ್ತದೆ. ಇನ್ನೊಂದು ಕಡೆ ಎಣ್ಣೆ ಅಂಶ ಇರುವ ಪದಾರ್ಥಗಳು: ಕಡಲೆಬೀಜ, ಗೋಡಂಬಿ, ಎಳ್ಳು, ತೌಡು ತೆಗೆಯದ ಅಕ್ಕಿ, ಇಡೀ ಗೋಧಿಯ ಹಿಟ್ಟು. ಇವುಗಳ ಎಣ್ಣೆ ಆಮ್ಲಜನಕದ ಜೊತೆ ಸೇರಿ ಕಮಟು ವಾಸನೆ ಬರುತ್ತದೆ. ಎಂಥ ಒಳ್ಳೆಯ ಡಬ್ಬಿ ತಂದರೂ ಇವುಗಳನ್ನು ಹತ್ತು ವರ್ಷ ಇಡಲು ಆಗುವುದಿಲ್ಲ. ತೌಡು ತೆಗೆಯದ ಅಕ್ಕಿಗೆ ಆರು ತಿಂಗಳ ಆಸುಪಾಸು ಅಂತ ಇಟ್ಟುಕೊಳ್ಳುವುದು ಕ್ಷೇಮ. ಪಾಲಿಶ್ ಮಾಡಿದ ಬಿಳಿ ಅಕ್ಕಿಯನ್ನು ಗಾಳಿಯಾಡದಂತೆ, ಆಮ್ಲಜನಕ ತೆಗೆದು, ತಂಪಾದ ಜಾಗದಲ್ಲಿ ಇಟ್ಟರೆ 30 ವರ್ಷ ಕೂಡ ಉಳಿಯುತ್ತದೆ. ಒಂದೇ ಭತ್ತದಿಂದ ಬಂದ ಎರಡು ಅಕ್ಕಿ, ನಡುವೆ ಇಷ್ಟು ಅಂತರ. ಆರೋಗ್ಯಕ್ಕೆ ಒಳ್ಳೆಯದು ಯಾವುದೋ ಅದು ಬೇಗ ಕೆಡುತ್ತದೆ. ಒಂಥರಾ ಬೇಜಾರಿನ ವಿಷಯ, ಅಲ್ವಾ?

ಹಿಟ್ಟಿಗಿಂತ ಕಾಳು ಉಳಿಯುತ್ತದೆ ಅನ್ನುವುದೂ ಇದೇ ಕಾರಣಕ್ಕೆ. ಗೋಧಿ ಕಾಳಿನ ಹೊಟ್ಟು ಗಟ್ಟಿಯಾಗಿ ಒಳಗಿನ ಎಣ್ಣೆಯನ್ನು ಕಾಪಾಡುತ್ತಿರುತ್ತದೆ. ಬೀಸಿದ ಕೂಡಲೇ ಆ ರಕ್ಷಣೆ ಹೋಯಿತು. ವರ್ಷಗಟ್ಟಲೆ ಇಡಬೇಕು ಅಂದರೆ ಕಾಳಾಗಿಯೇ ಇಡಿ, ಬೇಕಾದಾಗ ಬೀಸಿಕೊಳ್ಳಿ. ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಮುಚ್ಚಿಟ್ಟಿದ್ದ ಗೋಧಿಯಿಂದ ಬ್ರೆಡ್ ಮಾಡಿ, ಹಳೆಯ ಓಟ್ಸ್ ಬೇಯಿಸಿ ಜನರಿಗೆ ರುಚಿ ನೋಡಿಸಿದ್ದಾರೆ. ಮೂವತ್ತು ವರ್ಷದ ಸುತ್ತಮುತ್ತಲ ಸರಕು. ತಿಂದವರಲ್ಲಿ ಹೆಚ್ಚಿನವರು ಪರವಾಗಿಲ್ಲ ಅಂದರು. ರುಚಿ ತಾಜಾ ಇದ್ದಂತೆ ಇತ್ತು ಅಂತ ಇದರ ಅರ್ಥ ಅಲ್ಲ. ವಿಟಮಿನ್ ಕೂಡ ಅಷ್ಟೇ ಉಳಿದಿರುತ್ತದೆ ಅಂತಲೂ ಅಲ್ಲ. ತಿನ್ನಬಹುದು, ಹೊಟ್ಟೆ ತುಂಬುತ್ತದೆ, ಅಷ್ಟೇ.

ಈಗ ಹುಳದ ವಿಷಯ. ಎಷ್ಟೋ ಜನ ಹುಳ ಹೊರಗಿನಿಂದ ಡಬ್ಬಿಯೊಳಗೆ ಬರುತ್ತದೆ ಅಂದುಕೊಂಡಿರುತ್ತಾರೆ. ಅದಕ್ಕೇ ಬಿಗಿ ಮುಚ್ಚಳದ ಡಬ್ಬಿ ತಂದರೂ ಹುಳ ಬಂದಾಗ ಡಬ್ಬಿಯನ್ನೇ ಬೈಯುತ್ತಾರೆ. ನಿಜ ಏನಂದರೆ ಬಹಳಷ್ಟು ಸಲ ಹುಳ ಕಾಳಿನ ಜೊತೆಗೇ ಮನೆಗೆ ಬಂದಿರುತ್ತದೆ. ಅಕ್ಕಿ, ಗೋಧಿಯಲ್ಲಿ ಕಾಣುವ ಸೊಂಡಿಲಿನ ಕಂದು ಹುಳವನ್ನೇ ತಗೊಳ್ಳಿ. ಹೆಣ್ಣು ಹುಳ ತನ್ನ ಸೊಂಡಿಲಿನಿಂದ ಕಾಳಿನಲ್ಲಿ ಒಂದು ಸಣ್ಣ ಗುಳಿ ಕೊರೆಯುತ್ತದೆ. ಅದರೊಳಗೆ ಒಂದು ಮೊಟ್ಟೆ ಇಡುತ್ತದೆ. ಆಮೇಲೆ ಅಂಟಿನಂಥ ದ್ರವದಿಂದ ಆ ಗುಳಿಯ ಬಾಯಿ ಮುಚ್ಚುತ್ತದೆ. ಅದು ಒಣಗಿದ ಮೇಲೆ ಬರಿಗಣ್ಣಿಗೆ ಏನೂ ಕಾಣುವುದಿಲ್ಲ. ಮರಿ ಹುಳ ಒಳಗೇ ಕಾಳು ತಿಂದು ಬೆಳೆಯುತ್ತದೆ, ಒಳಗೇ ಕೋಶ ಕಟ್ಟುತ್ತದೆ. ರೆಕ್ಕೆ ಬಲಿತ ಮೇಲೆ ಒಂದು ದಿನ ತೂತು ಕೊರೆದು ಹೊರಗೆ ಬರುತ್ತದೆ. ನಾವು ನೋಡುವುದು ಆ ತೂತು ಮಾತ್ರ. ಕಾಳನ್ನು ಎಷ್ಟೇ ಆರಿಸಿ ಕೇರಿದರೂ ಒಳಗಿನ ಮೊಟ್ಟೆ ಸಿಗುವುದಿಲ್ಲ.

ಅಂದರೆ ಬರೀ ಬಿಗಿ ಮುಚ್ಚಳದಿಂದ ಈ ಹುಳ ತಪ್ಪುವುದಿಲ್ಲ. ಅದನ್ನು ಒಳಗೆ ಕೂಡಿಹಾಕಿದಂತೆ ಆಗುತ್ತದೆ ಅಷ್ಟೇ. ಆದರೆ ಆ ಕೂಡಿಹಾಕುವಿಕೆಯೇ ಒಂದು ಉಪಾಯವೂ ಹೌದು. 1980ರ ದಶಕದ ಕೊನೆಯಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಲ್ಯಾರಿ ಮರ್ಡಾಕ್ ಮತ್ತು ಜೊತೆಗಾರರು ಕ್ಯಾಮರೂನಿನಲ್ಲಿ ಅಲಸಂದೆ ಕಾಳಿಗಾಗಿ ಒಂದು ಮೂರು ಪದರದ ಚೀಲ ರೂಪಿಸಿದರು. ಒಳಗೆ ಒಂದರೊಳಗೊಂದು ಎರಡು ದಪ್ಪ ಪಾಲಿಥೀನ್ ಚೀಲ, ಹೊರಗೆ ನೇಯ್ದ ಗೋಣಿಯಂಥ ಪ್ಲಾಸ್ಟಿಕ್ ಚೀಲ. ಔಷಧಿ ಇಲ್ಲ, ಹೊಗೆ ಇಲ್ಲ. ಒಳಗಿನ ಹುಳಗಳು ಉಸಿರಾಡಿ ಉಸಿರಾಡಿ ಅಲ್ಲಿರುವ ಆಮ್ಲಜನಕವನ್ನು ತಾವೇ ಮುಗಿಸುತ್ತವೆ. ಆಮೇಲೆ ಅವು ತಿನ್ನುವುದು ನಿಲ್ಲಿಸುತ್ತವೆ. ಮಜಾ ಅಂದರೆ ಅವು ಸಾಯುವುದು ಬರೀ ಉಸಿರುಗಟ್ಟಿ ಅಲ್ಲ. ಒಣ ಕಾಳು ತಿನ್ನುವ ಹುಳಕ್ಕೆ ನೀರು ಬೇರೆಲ್ಲೂ ಸಿಗುವುದಿಲ್ಲ. ತಿಂದ ಆಹಾರವನ್ನು ಆಮ್ಲಜನಕದಿಂದ ಅರಗಿಸುವಾಗ ಮೈಯಲ್ಲಿ ಹುಟ್ಟುವ ನೀರೇ ಅದಕ್ಕೆ ಗತಿ. ಆಮ್ಲಜನಕ ಇಲ್ಲ ಅಂದರೆ ಆ ನೀರೂ ಇಲ್ಲ. ಒಣಗಿ ಸಾಯುತ್ತವೆ.

ಈ ಕಥೆಯಲ್ಲಿ ನನಗೆ ಇಷ್ಟವಾಗುವುದು ಚೀಲದ ಸರಳತನ. ಯಾವ ಹೊಳೆಯುವ ಡಬ್ಬಿಯೂ ಅಲ್ಲ, ಪಾಲಿಥೀನ್ ಚೀಲ. ಆದರೆ ಬಾಯಿ ತಿರುಚಿ, ಮಡಚಿ, ಬಿಗಿಯಾಗಿ ಕಟ್ಟಬೇಕು. ಕಟ್ಟಿದ ಮೇಲೆ ಕೆಲವು ವಾರ ಬಿಚ್ಚಬಾರದು. ಮಧ್ಯೆ ಮಧ್ಯೆ ಬಿಚ್ಚಿ ನೋಡಿದರೆ ಹುಳಕ್ಕೆ ಮತ್ತೆ ಉಸಿರು ಕೊಟ್ಟಂತೆ.

ಮನೆಯಲ್ಲಿ ಸ್ವಲ್ಪವೇ ಇಡುವವರಿಗೆ ಇನ್ನೂ ಸುಲಭದ ದಾರಿ ಫ್ರೀಜರ್. ಮೈನಸ್ 18 ಡಿಗ್ರಿಯಲ್ಲಿ ಒಂದು ವಾರ ಇಟ್ಟರೆ ಮೊಟ್ಟೆ ಸಮೇತ ಸಾಯುತ್ತವೆ. ಒಂದೇ ಎಚ್ಚರ. ಫ್ರೀಜರಿನಿಂದ ತೆಗೆದ ಪೊಟ್ಟಣವನ್ನು ತಕ್ಷಣ ಬಿಚ್ಚಬೇಡಿ. ತಣ್ಣಗಿನ ಕಾಳಿಗೆ ಹೊರಗಿನ ಗಾಳಿ ತಾಗಿದರೆ ಅದರ ಮೇಲೆ ಬೆವರು ಕಟ್ಟುತ್ತದೆ. ಹುಳ ಓಡಿಸಿ ಬೂಷ್ಟು ಕರೆದ ಹಾಗಾಗುತ್ತದೆ. ಮುಚ್ಚಿದ ಹಾಗೆಯೇ ಒಂದು ದಿನ ಹೊರಗಿಟ್ಟು, ಪೂರ್ತಿ ಕೋಣೆಯ ಬಿಸಿಗೆ ಬಂದ ಮೇಲೆ ಡಬ್ಬಿಗೆ ತುಂಬಿ.

ಇಷ್ಟು ತಿಳಿದ ಮೇಲೆ ಡಬ್ಬಿಯ ಮೈ ಯಾವುದರದ್ದು ಅನ್ನುವ ಪ್ರಶ್ನೆ.

ಗಾಜಿನಿಂದ ಶುರು ಮಾಡುತ್ತೇನೆ, ಯಾಕಂದರೆ ಅದರ ಮೇಲೆ ನನಗೆ ಒಲವು ಜಾಸ್ತಿ. ಗಾಜಿನ ಮೂಲಕ ಆಮ್ಲಜನಕ ಹೋಗುವುದಿಲ್ಲ, ತೇವ ಹೋಗುವುದಿಲ್ಲ, ವಾಸನೆ ಹಿಡಿಯುವುದಿಲ್ಲ, ಹುಳ ಕೊರೆಯುವುದಿಲ್ಲ, ಇಲಿ ಕಚ್ಚುವುದಿಲ್ಲ. ಎಷ್ಟು ಸಲ ತೊಳೆದರೂ ಹೊಸದೇ. ಬೆಳಕು ಹೋಗುತ್ತದೆ, ಅದಕ್ಕೆ ಬೀರುವಿನ ಬಾಗಿಲು ಹಾಕಿದರೆ ಆಯಿತು. ಬಿದ್ದರೆ ಒಡೆಯುತ್ತದೆ, ಅದಕ್ಕೆ ಕೆಳಗಿನ ಹಲಗೆಯಲ್ಲಿ ಇಟ್ಟರೆ ಆಯಿತು. ಗಾಜಿನ ನಿಜವಾದ ದೌರ್ಬಲ್ಯ ಗಾಜಿನಲ್ಲಿ ಇಲ್ಲ, ಮುಚ್ಚಳದಲ್ಲಿದೆ. ಹಿಂದೆ ಗಾಜಿನ ಜಾಡಿಯ ಬಾಯಿಗೆ ತಗಡಿನ ಚಪ್ಪಟೆ ಮುಚ್ಚಳ ಇಟ್ಟು ಸುತ್ತ ಮೇಣ ಸುರಿಯುತ್ತಿದ್ದರು. 1858ರಲ್ಲಿ ಅಮೆರಿಕದ ಜಾನ್ ಲ್ಯಾಂಡಿಸ್ ಮೇಸನ್ ತಿರುಪು ಇರುವ ಕುತ್ತಿಗೆಯ ಜಾಡಿಗೆ ಪೇಟೆಂಟ್ ಪಡೆದ. ಆವತ್ತಿನಿಂದ ಇವತ್ತಿನವರೆಗೆ ಗಾಜು ಹೆಚ್ಚೇನೂ ಬದಲಾಗಿಲ್ಲ. ಬದಲಾಗುತ್ತಾ ಬಂದಿರುವುದು ಮುಚ್ಚಳ, ಅದರೊಳಗಿನ ರಬ್ಬರ್ ಬಳೆ. ಹಾಗಾಗಿ ಜಾಡಿ ಕೊಳ್ಳುವಾಗ ಜಾಡಿಯ ಅಂದ ನೋಡುವುದಕ್ಕಿಂತ ಮೊದಲು ಮುಚ್ಚಳ ಮಗುಚಿ ನೋಡಿ. ರಬ್ಬರ್ ಬಳೆ ಇದೆಯಾ? ಅದು ಬೇರೆಯಾಗಿ ಸಿಗುತ್ತದಾ? ಮರದ ಮುಚ್ಚಳ, ಬಿರಡೆಯ ಮುಚ್ಚಳ ಕಣ್ಣಿಗೆ ಚೆನ್ನಾಗಿರುತ್ತವೆ. ಐದು ವರ್ಷ ಇಡುವ ಕಾಳಿಗೆ ಅವು ಬೇಡ.

ಸ್ಟೀಲಿಗೂ ಇದೇ ಮಾತು. ಮೈ ಗಟ್ಟಿ, ಬೆಳಕು ಬರುವುದಿಲ್ಲ, ಇಲಿಯ ಹಲ್ಲು ಹತ್ತುವುದಿಲ್ಲ. ಆದರೆ ಸಾಮಾನ್ಯ ಸ್ಟೀಲ್ ಡಬ್ಬಿಯ ಮುಚ್ಚಳ ಲೋಹದ ಮೇಲೆ ಲೋಹ ಕೂತಿರುತ್ತದೆ ಅಷ್ಟೇ. ತೆಗೆಯುವಾಗ ಬಿಗಿ ಅನ್ನಿಸಿದರೂ ಗಾಳಿಯಾಡುತ್ತದೆ. ಅಂಥ ಡಬ್ಬಿಯನ್ನು ಬಿಸಾಡಬೇಕಿಲ್ಲ. ಪದಾರ್ಥವನ್ನು ಒಳ್ಳೆಯ ಚೀಲದಲ್ಲಿ ಮೊಹರು ಮಾಡಿ ಆ ಡಬ್ಬಿಯಲ್ಲಿ ಇಡಿ. ಚೀಲ ಗಾಳಿ ತಡೆಯುತ್ತದೆ, ಡಬ್ಬಿ ಇಲಿ ತಡೆಯುತ್ತದೆ. ತಗಡಿನ ಡಬ್ಬಕ್ಕೆ ತುಕ್ಕಿನ ಕಾಟ ಜಾಸ್ತಿ, ಅದರಲ್ಲೂ ತಳದ ಹೊಲಿಗೆಯಲ್ಲಿ. ಉಪ್ಪನ್ನು ಮಾತ್ರ ಯಾವ ಲೋಹಕ್ಕೂ ಹಾಕಬೇಡಿ, ಗಾಜೋ ಪ್ಲಾಸ್ಟಿಕ್ಕೋ ಸಾಕು. ಮಣ್ಣಿನ ಪಾತ್ರೆ ಮೆರುಗು ಇಲ್ಲದಿದ್ದರೆ ತೇವ ಒಳಗೂ ಹೊರಗೂ ಓಡಾಡುತ್ತದೆ, ಆದ್ದರಿಂದ ಈ ಕೆಲಸಕ್ಕೆ ಅಲ್ಲ.

ಪ್ಲಾಸ್ಟಿಕ್ ಬಗ್ಗೆ ಗೊಂದಲ ಜಾಸ್ತಿ. ತಳದಲ್ಲಿ ತ್ರಿಕೋನದೊಳಗೆ ಒಂದು ಸಂಖ್ಯೆ ಇರುತ್ತದಲ್ಲ, ಅದನ್ನು ನೋಡಿ ಇದು ಆಹಾರಕ್ಕೆ ಒಳ್ಳೆಯದು ಅಂತ ತೀರ್ಮಾನ ಮಾಡುವವರಿದ್ದಾರೆ. ಆ ಸಂಖ್ಯೆ 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘಟನೆ ಶುರು ಮಾಡಿದ್ದು. ಉದ್ದೇಶ ಇಷ್ಟೇ: ರದ್ದಿ ವಿಂಗಡಿಸುವವರಿಗೆ ಇದು ಯಾವ ಜಾತಿಯ ಪ್ಲಾಸ್ಟಿಕ್ ಅಂತ ಗೊತ್ತಾಗಲಿ. 1 ಅಂದರೆ ಪೆಟ್, 2 ಅಂದರೆ ಎಚ್‌ಡಿಪಿಇ, 5 ಅಂದರೆ ಪಾಲಿಪ್ರೊಪಿಲೀನ್. ಬಣ್ಣದ ಬಕೆಟ್ಟಿನ ತಳದಲ್ಲೂ 2 ಇರಬಹುದು, ಹಾಲಿನ ಕ್ಯಾನಿನ ತಳದಲ್ಲೂ 2 ಇರಬಹುದು. ಬಣ್ಣದ ಬಕೆಟ್ ತೊಳೆದರೂ ಅದು ಊಟದ ಪಾತ್ರೆಯಾಗುವುದಿಲ್ಲ. ಆಹಾರಕ್ಕೆ ಅಂತಲೇ ಮಾಡಿದ್ದು ಅನ್ನುವುದಕ್ಕೆ ಬೇರೆ ಗುರುತು ಇದೆ. ಲೋಟ ಮತ್ತು ಫೋರ್ಕಿನ ಚಿತ್ರ, ಇಲ್ಲವೇ ಫುಡ್ ಗ್ರೇಡ್ ಅನ್ನುವ ಬರಹ. ಅದನ್ನು ಹುಡುಕಿ.

ಪ್ಲಾಸ್ಟಿಕ್ಕಿನ ಇನ್ನೊಂದು ಗುಣ ಕಣ್ಣಿಗೆ ಕಾಣದ್ದು. ಅದರ ಗೋಡೆಯ ಮೂಲಕವೇ ಗಾಳಿ ನಿಧಾನವಾಗಿ ಹಾದುಹೋಗುತ್ತದೆ. ತೂತು ಬೇಕಿಲ್ಲ. ಎಚ್‌ಡಿಪಿಇ ಬಕೆಟ್ ತೇವ ತಡೆಯುವುದರಲ್ಲಿ ಗಟ್ಟಿ, ಆದರೆ ಆಮ್ಲಜನಕವನ್ನು ಪೆಟ್‌ಗಿಂತ ಎಷ್ಟೋ ಪಟ್ಟು ಹೆಚ್ಚು ಬಿಡುತ್ತದೆ. ಪೆಟ್ ಆಮ್ಲಜನಕದ ವಿಷಯದಲ್ಲಿ ಪರವಾಗಿಲ್ಲ. ಒಂದೆರಡು ವರ್ಷದ ಮಟ್ಟಿಗೆ ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿದ ಕುಡಿಯುವ ನೀರಿನ ಪೆಟ್ ಬಾಟಲಿಯೂ ಕಾಳಿಗೆ ಆಗುತ್ತದೆ. ತಿರುಪು ಮುಚ್ಚಳ ಒಳ್ಳೆಯದಿರುತ್ತದೆ, ಬಾಯಿ ಚಿಕ್ಕದು ಅನ್ನುವುದು ಬಿಟ್ಟರೆ ತೊಂದರೆಯಿಲ್ಲ. ಪೂರ್ತಿ ಒಣಗಿಸುವುದು ಅಂದರೆ ನಿಜವಾಗಿ ಪೂರ್ತಿ. ತಳದ ಉಬ್ಬುತಗ್ಗುಗಳಲ್ಲಿ ಒಂದೆರಡು ಹನಿ ಉಳಿದುಕೊಳ್ಳುತ್ತವೆ, ತಲೆಕೆಳಗು ಇಟ್ಟರೂ ಬರುವುದಿಲ್ಲ. ಉಪ್ಪಿನಕಾಯಿ, ಸೋಪು, ಎಣ್ಣೆ ಇದ್ದದ್ದನ್ನು ಮಾತ್ರ ಮುಟ್ಟಬೇಡಿ. ಪ್ಲಾಸ್ಟಿಕ್ ವಾಸನೆ ಹೀರಿಕೊಳ್ಳುತ್ತದೆ, ಆಮೇಲೆ ನಿಮ್ಮ ಅಕ್ಕಿಗೆ ವಾಪಸ್ ಕೊಡುತ್ತದೆ.

ತೆಳು ಚೀಲ, ಅಂಗಡಿಯ ಪೊಟ್ಟಣ ಇವೆಲ್ಲ ಬರೀ ಸಾಗಿಸುವುದಕ್ಕೆ. ಕೆಲವು ಪತಂಗದ ಹುಳುಗಳು, ಕಾಳು ಕೊರೆಯುವ ದುಂಬಿಗಳು ಅವುಗಳನ್ನು ಸಲೀಸಾಗಿ ಕೊರೆದು ಬರುತ್ತವೆ.

ನಿಜವಾಗಿ ಹತ್ತು ವರ್ಷ, ಇಪ್ಪತ್ತು ವರ್ಷದ ಮಾತಾದರೆ ಅಲ್ಯೂಮಿನಿಯಂ ಪದರದ ಚೀಲ ಬೇಕು. ಮೈಲಾರ್ ಚೀಲ ಅಂತ ಮಾರುತ್ತಾರೆ. ಮೈಲಾರ್ ಅನ್ನುವುದು ಪ್ಲಾಸ್ಟಿಕ್ ಹಾಳೆಯ ಬ್ರ್ಯಾಂಡ್ ಹೆಸರು. ಗಾಳಿ, ಬೆಳಕು ತಡೆಯುವುದು ಅದರ ನಡುವೆ ಇರುವ ಅಲ್ಯೂಮಿನಿಯಂ ತಗಡಿನ ಪದರ. ಹೊಳೆಯುವುದೆಲ್ಲ ಅದಲ್ಲ. ಕೆಲವು ಚೀಲಗಳಿಗೆ ಬರೀ ಲೋಹದ ತೆಳು ಲೇಪ ಇರುತ್ತದೆ, ಅವು ಅಷ್ಟು ಗಟ್ಟಿಯಲ್ಲ. ಕತ್ತಲೆ ಕೋಣೆಯಲ್ಲಿ ಚೀಲದೊಳಗೆ ಟಾರ್ಚ್ ಹಾಕಿ ನೋಡಿ. ಬೆಳಕು ಮಂಕಾಗಿ ಆಚೆ ಕಂಡರೆ ಲೇಪದ್ದು. ಒಂದು ಚೂರೂ ಕಾಣದಿದ್ದರೆ ತಗಡಿನ ಪದರದ್ದು. ಸುಮಾರು 0.13 ಮಿಲಿಮೀಟರ್ ದಪ್ಪದ್ದು ಮನೆ ಬಳಕೆಗೆ ಚೆನ್ನಾಗಿ ತಡೆಯುತ್ತದೆ. ಬಾಯಿ ಮುಚ್ಚುವುದಕ್ಕೆ ಯಂತ್ರವೇ ಬೇಕು ಅಂತಿಲ್ಲ, ಇಸ್ತ್ರಿ ಪೆಟ್ಟಿಗೆ ಸಾಕು. ಮೊಹರು ಹಾಕುವ ಮುಂಚೆ ಬಾಯಿಯ ಒಳಭಾಗವನ್ನು ಒಣ ಬಟ್ಟೆಯಲ್ಲಿ ಒರೆಸಿ. ಹಿಟ್ಟಿನ ಧೂಳು ಕೂತಿದ್ದರೆ ಆ ಜಾಗ ಅಂಟುವುದಿಲ್ಲ. ಈ ಚೀಲವನ್ನು ಇಲಿ ಮಾತ್ರ ಲೆಕ್ಕಕ್ಕೇ ಇಡುವುದಿಲ್ಲ. ಹಾಗಾಗಿ ಚೀಲ ಹೋಗಬೇಕಾದ್ದು ಬಕೆಟ್ಟಿನೊಳಗೆ ಅಥವಾ ಆ ಹಳೆಯ ಸ್ಟೀಲ್ ಡಬ್ಬಿಯೊಳಗೆ.

ಚೀಲದ ಜೊತೆ ಬರುವ ಸಣ್ಣ ಪೊಟ್ಟಣ, ಆಕ್ಸಿಜನ್ ಅಬ್ಸಾರ್ಬರ್. ಜಪಾನಿನ ಮಿತ್ಸುಬಿಷಿ ಗ್ಯಾಸ್ ಕೆಮಿಕಲ್ ಕಂಪನಿ 1977ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಒಳಗಿರುವುದು ಮುಖ್ಯವಾಗಿ ಕಬ್ಬಿಣದ ಪುಡಿ, ಜೊತೆಗೆ ಸ್ವಲ್ಪ ಉಪ್ಪು. ಕಬ್ಬಿಣ ತುಕ್ಕು ಹಿಡಿಯುವಾಗ ಆಮ್ಲಜನಕ ಬಳಸಿಕೊಳ್ಳುತ್ತದೆ, ಅಷ್ಟೇ ಇದರ ಗುಟ್ಟು. ನಾವು ಜೀವನವಿಡೀ ತಪ್ಪಿಸಲು ಹೆಣಗಾಡುವ ತುಕ್ಕನ್ನು ಇಲ್ಲಿ ದುಡ್ಡು ಕೊಟ್ಟು ತರುತ್ತೇವೆ. ಪ್ಯಾಕೆಟ್ ಬಿಚ್ಚಿ ಒಂದನ್ನು ಅಂಗೈಯಲ್ಲಿ ಹಿಡಿದುಕೊಂಡರೆ ಸ್ವಲ್ಪ ಹೊತ್ತಿಗೆ ಬೆಚ್ಚಗಾಗುತ್ತದೆ. ಕೆಲಸ ಶುರುವಾಯಿತು ಅಂತ ಅರ್ಥ. ಪ್ಯಾಕೆಟ್ಟಿನ ಜೊತೆ ಒಂದು ಸಣ್ಣ ಗುಳಿಗೆ ಇರುತ್ತದೆ, ಗುಲಾಬಿ ಬಣ್ಣ ಇದ್ದರೆ ಒಳಗೆ ಆಮ್ಲಜನಕ ಇಲ್ಲ, ನೀಲಿಗೆ ತಿರುಗಿದರೆ ಇದೆ. ಹೊಸ ಪ್ಯಾಕೆಟ್ ತೆಗೆಯುವಾಗಲೇ ಗುಳಿಗೆ ನೀಲಿ ಇದ್ದು, ಪೊಟ್ಟಣಗಳು ಗಟ್ಟಿಯಾಗಿದ್ದರೆ ಅದು ಆಗಲೇ ಮುಗಿದ ಸರಕು, ವಾಪಸ್ ಕೊಡಿ. ತುಂಬುವ ಕೆಲಸವನ್ನೆಲ್ಲ ಮುಗಿಸಿ, ಚೀಲಗಳನ್ನು ಸಾಲಾಗಿ ಇಟ್ಟುಕೊಂಡು, ಆಮೇಲೆ ಪ್ಯಾಕೆಟ್ ಕತ್ತರಿಸಿ. ಉಳಿದ ಪೊಟ್ಟಣಗಳನ್ನು ಆ ಕ್ಷಣವೇ ಚಿಕ್ಕ ಗಾಜಿನ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಿ.

ಎಷ್ಟು ದೊಡ್ಡದು ಹಾಕಬೇಕು ಅನ್ನುವುದಕ್ಕೆ ಲೆಕ್ಕ ಸುಲಭ. ನಾಲ್ಕು ಲೀಟರಿನ ಚೀಲದ ತುಂಬ ಅಕ್ಕಿ ತುಂಬಿದರೂ ಕಾಳುಗಳ ಸಂದಿಯಲ್ಲಿ ಸುಮಾರು ಶೇಕಡಾ 40 ಜಾಗ ಗಾಳಿಯದ್ದೇ. ಅಂದರೆ 1.6 ಲೀಟರ್ ಗಾಳಿ. ಗಾಳಿಯಲ್ಲಿ ಆಮ್ಲಜನಕ ಶೇಕಡಾ 21. ಲೆಕ್ಕ ಹಾಕಿದರೆ ಸುಮಾರು 336 ಮಿಲಿಲೀಟರ್. ಪೊಟ್ಟಣದ ಮೇಲೆ ಬರೆದಿರುವ ಸಿಸಿ ಅಂದರೆ ಅದು ಎಷ್ಟು ಮಿಲಿಲೀಟರ್ ಆಮ್ಲಜನಕ ಹೀರುತ್ತದೆ ಅನ್ನುವುದು. 300 ಸಿಸಿ ಪೊಟ್ಟಣ ಸಾಲದು, 500 ಸಿಸಿ ಧಾರಾಳ. ಪಾಸ್ತಾದಂಥ ಟೊಳ್ಳು ಪದಾರ್ಥವಾದರೆ ಸಂದಿ ಇನ್ನೂ ಜಾಸ್ತಿ, ಪೊಟ್ಟಣವೂ ದೊಡ್ಡದು ಬೇಕು. ಉಳಿದ ಶೇಕಡಾ 79ರಲ್ಲಿ ಹೆಚ್ಚಿನದು ಸಾರಜನಕ, ಅದು ಒಳಗೇ ಇರುತ್ತದೆ. ಹಾಗಾಗಿ ಚೀಲ ಇಟ್ಟಿಗೆಯ ಹಾಗೆ ಗಟ್ಟಿಯಾಗದಿದ್ದರೆ ಮೊಹರು ಕೆಟ್ಟಿದೆ ಅಂತ ಗಾಬರಿಯಾಗಬೇಡಿ.

ಸಕ್ಕರೆಗೆ ಅಬ್ಸಾರ್ಬರ್ ಹಾಕಬೇಡಿ. ಕಲ್ಲಾಗುತ್ತದೆ, ಸುತ್ತಿಗೆ ತರಬೇಕಾಗುತ್ತದೆ. ಉಪ್ಪಿಗೂ ಬೇಡ. ಇದಕ್ಕಿಂತ ಗಂಭೀರವಾದ ಎಚ್ಚರ ಇನ್ನೊಂದಿದೆ. ಸರಿಯಾಗಿ ಒಣಗದ ಪದಾರ್ಥದ ಜೊತೆ ಅಬ್ಸಾರ್ಬರ್ ಹಾಕಿ ಮುಚ್ಚಿದರೆ ಆಮ್ಲಜನಕ ಇಲ್ಲದೆಡೆ ಬೆಳೆಯುವ ಬಾಟುಲಿಸಂ ಬ್ಯಾಕ್ಟೀರಿಯಾಕ್ಕೆ ಜಾಗ ಮಾಡಿಕೊಟ್ಟಂತೆ. ಅದರ ವಿಷ ಜೀವಕ್ಕೇ ಕುತ್ತು. ಗಟ್ಟಿ ಒಣ ಕಾಳಿನಲ್ಲಿ ಅದಕ್ಕೆ ಬೇಕಾದಷ್ಟು ನೀರು ಇರುವುದಿಲ್ಲ. ಅಪಾಯ ಇರುವುದು ಇನ್ನೂ ಮೆತ್ತಗೆ ಬಾಗುವ ಒಣಹಣ್ಣು, ಅರೆಬರೆ ಒಣಗಿದ ತರಕಾರಿ, ಮಾಂಸ ಇಂಥವುಗಳಲ್ಲಿ. ತೇವಾಂಶ ಶೇಕಡಾ 10 ಅಥವಾ ಅದಕ್ಕಿಂತ ಕಡಿಮೆ ಇರಲಿ ಅನ್ನುವುದು ಸಾಮಾನ್ಯವಾಗಿ ಹೇಳುವ ಮಿತಿ. ಮೆತ್ತಗಿದೆ ಅನ್ನಿಸಿದರೆ ಮುಚ್ಚಬೇಡಿ, ಫ್ರಿಜ್ಜಿಗೆ ಹಾಕಿ.

ಕಾಳು ಒಣಗಿದೆಯಾ ಅಂತ ನೋಡುವುದಕ್ಕೆ ಅಡುಗೆ ಮನೆಯ ಉಪ್ಪೇ ಸಾಕು. ಪೂರ್ತಿ ಒಣಗಿದ ಗಾಜಿನ ಬಾಟಲಿಗೆ ಒಂದು ಹಿಡಿ ಕಾಳು, ಒಂದೆರಡು ಚಮಚ ಒಣ ಪುಡಿ ಉಪ್ಪು ಹಾಕಿ ಮುಚ್ಚಿ ಚೆನ್ನಾಗಿ ಕುಲುಕಿ. ಕಾಲು ಗಂಟೆ ಬಿಟ್ಟು ನೋಡಿ. ಉಪ್ಪು ಗಾಜಿನ ಗೋಡೆಗೆ ಅಂಟಿಕೊಂಡಿದ್ದರೆ ತೇವ ಶೇಕಡಾ 15ಕ್ಕಿಂತ ಜಾಸ್ತಿ ಇದೆ, ಇನ್ನೂ ಒಣಗಿಸಬೇಕು. ಅಂಟದೆ ಉದುರಿದರೆ ಮೊದಲ ಮೆಟ್ಟಿಲು ದಾಟಿದೆ. ಆಮೇಲೆ ಒಂದು ಕಾಳು ಹಲ್ಲಿಗೆ ಕೊಡಿ. ಕಟ್ ಅಂತ ಸೀಳಬೇಕು, ಹಲ್ಲಿನ ಗುರುತು ಮೂಡಬಾರದು. ತುಂಬುವ ದಿನವೂ ಒಣ ಹವೆ ಇರಲಿ. ಮಳೆ ಹಿಡಿದು ಕೂತ ವಾರದಲ್ಲಿ ತುಂಬಿದರೆ ಆ ತೇವವನ್ನೂ ಸೇರಿಸಿ ಮೊಹರು ಹಾಕಿದಂತೆ. ಬಿಸಿಲಿನಿಂದ ಆಗ ತಾನೇ ತಂದ ಬಿಸಿ ಕಾಳನ್ನೂ ತುಂಬಬೇಡಿ, ಆರಲಿ. ಇಲ್ಲದಿದ್ದರೆ ರಾತ್ರಿ ಮುಚ್ಚಳದ ಒಳಗೆ ಬೆವರು ಕೂರುತ್ತದೆ.

ಮುಚ್ಚಳದ ಪರೀಕ್ಷೆ ನನಗೆ ತುಂಬ ಇಷ್ಟದ ಕೆಲಸ. ಖಾಲಿ ಡಬ್ಬಿಯನ್ನು ಬಿಗಿಯಾಗಿ ಮುಚ್ಚಿ, ಬಿಸಿ ನೀರಿನ ದೊಡ್ಡ ಪಾತ್ರೆಯಲ್ಲಿ ಮುಳುಗಿಸಿ ಒತ್ತಿ ಹಿಡಿಯಿರಿ. ಕುದಿಯುವ ನೀರು ಬೇಡ, ಕೈ ತಡೆಯುವಷ್ಟು ಬಿಸಿ ಸಾಕು, ಗಾಜು ಬಿರಿಯಬಾರದು. ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ, ಹೊರಗೆ ದಾರಿ ಹುಡುಕುತ್ತದೆ. ಮೊದಲಿಗೆ ಅಂಚಿನಲ್ಲಿ ಸಿಕ್ಕಿಕೊಂಡ ಒಂದಷ್ಟು ಗುಳ್ಳೆ ಏಳುತ್ತವೆ, ಅದನ್ನು ಲೆಕ್ಕಕ್ಕೆ ತಗೋಬೇಡಿ. ಆಮೇಲೆ ಒಂದೇ ಜಾಗದಿಂದ ಸರಪಳಿಯಂತೆ ಸಣ್ಣ ಗುಳ್ಳೆಗಳು ಬರುತ್ತಾ ಇದ್ದರೆ ಅಲ್ಲಿ ಸೋರಿಕೆ ಇದೆ. ಕೆಲವೊಮ್ಮೆ ಮುಚ್ಚಳ ತಿರುಗಿಸಿ ಹಾಕಿದರೆ ನಿಲ್ಲುತ್ತದೆ, ಕೆಲವೊಮ್ಮೆ ರಬ್ಬರ್ ಬಳೆ ಬದಲಿಸಿದರೆ ನಿಲ್ಲುತ್ತದೆ. ಎರಡಕ್ಕೂ ನಿಲ್ಲದ ಡಬ್ಬಿ ದಿನಬಳಕೆಯ ಸಾಲಿಗೆ ಹೋಗುತ್ತದೆ. ಏರ್‌ಟೈಟ್ ಅಂತ ಚೀಟಿ ಅಂಟಿಸಿಕೊಂಡ ಡಬ್ಬಿಗಳೂ ಈ ಪಾತ್ರೆಯಲ್ಲಿ ಗುಳುಗುಳು ಅನ್ನುವುದನ್ನು ನೋಡಿದ್ದೇನೆ. ದುಬಾರಿಯವೂ ಸೇರಿ.

ಗಾತ್ರದ ಬಗ್ಗೆ ಯಾಕೋ ಯಾರೂ ಮಾತಾಡುವುದಿಲ್ಲ. ನನ್ನ ಪ್ರಕಾರ ಮೈ ಯಾವುದರದ್ದು ಅನ್ನುವುದಕ್ಕಿಂತ ಅದು ಮುಖ್ಯ. ಇಪ್ಪತ್ತು ಲೀಟರಿನ ಒಂದು ಬಕೆಟ್ಟಿನಲ್ಲಿ ಅಕ್ಕಿ ತುಂಬಿ, ಅಬ್ಸಾರ್ಬರ್ ಹಾಕಿ, ಐದು ವರ್ಷ ಕಾದು, ಒಂದು ದಿನ ತೆಗೆದಿರಿ ಅಂತಿಟ್ಟುಕೊಳ್ಳಿ. ತೆಗೆದ ಕ್ಷಣದಿಂದ ಇಡೀ ಇಪ್ಪತ್ತು ಲೀಟರ್ ಸಾಧಾರಣ ಡಬ್ಬಿಯ ಅಕ್ಕಿ ಆಯಿತು. ಅದು ಮುಗಿಯುವ ತನಕ ದಿನಾ ಗಾಳಿ, ದಿನಾ ತೇವ. ಅದೇ ಬಕೆಟ್ಟಿನಲ್ಲಿ ನಾಲ್ಕೈದು ಚಿಕ್ಕ ಚೀಲಗಳಿದ್ದರೆ ಒಂದನ್ನು ಮಾತ್ರ ಬಿಚ್ಚುತ್ತೀರಿ, ಉಳಿದವು ಇದ್ದ ಹಾಗೇ ಇರುತ್ತವೆ. ಮನೆಯಲ್ಲಿ ಒಂದು ತಿಂಗಳಲ್ಲಿ ಎಷ್ಟು ಖರ್ಚಾಗುತ್ತದೋ ಅಷ್ಟೇ ಒಂದು ಚೀಲಕ್ಕೆ. ಒಂದು ಚೀಲಕ್ಕೆ ತೂತು ಬಿದ್ದರೂ ನಷ್ಟ ಒಂದು ತಿಂಗಳದ್ದು. ಇದಕ್ಕೆ ಚೀಲ ಜಾಸ್ತಿ, ಪೊಟ್ಟಣ ಜಾಸ್ತಿ, ಕೂತು ಮೊಹರು ಹಾಕುವ ಸಮಯ ಜಾಸ್ತಿ. ಆದರೂ ದೊಡ್ಡ ಡಬ್ಬಿಯ ಮೋಹ ಬಿಡುವುದೇ ಒಳ್ಳೆಯದು.

ಇಡುವ ಜಾಗ ಚುಟುಕಾಗಿ ಹೇಳಿ ಮುಗಿಸುತ್ತೇನೆ. ತಂಪು, ಕತ್ತಲು, ಒಣ. ಮೂವತ್ತು ವರ್ಷದ ಲೆಕ್ಕವೆಲ್ಲ 24 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರುವ ಜಾಗಕ್ಕೆ ಹೇಳಿದ್ದು. ಬಿಸಿ ಹತ್ತು ಡಿಗ್ರಿ ಏರಿದರೆ ಕೆಡುವ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಒಲೆಯ ಮೇಲಿನ ಕಪಾಟು, ತಾರಸಿಯ ಕೆಳಗಿನ ಅಟ್ಟ ಇವು ಕಣ್ಣಿಗೆ ಅನುಕೂಲ, ಕಾಳಿಗೆ ಅಲ್ಲ. ಬೇಳೆಕಾಳು ಬಿಸಿ ಜಾಗದಲ್ಲಿ ಬಹಳ ದಿನ ಇದ್ದರೆ ಆಮೇಲೆ ಎಷ್ಟು ಬೇಯಿಸಿದರೂ ಮೆತ್ತಗಾಗುವುದಿಲ್ಲ. ನೆಲದ ಮೇಲೆ ನೇರ ಇಡಬೇಡಿ, ಕೆಳಗೆ ಹಲಗೆ ಇರಲಿ, ಗೋಡೆಗೆ ಸ್ವಲ್ಪ ಅಂತರ ಇರಲಿ. ಬಕೆಟ್ ಮೇಲೆ ಬಕೆಟ್ ಮೂರಕ್ಕಿಂತ ಜಾಸ್ತಿ ಪೇರಿಸಿದರೆ ಕೆಳಗಿನದರ ಮುಚ್ಚಳ ಬಗ್ಗಿ ಬಿಗಿ ತಪ್ಪುತ್ತದೆ. ಚಿಕ್ಕ ಇಲಿಗೆ ಆರು ಮಿಲಿಮೀಟರ್ ಸಂದಿ ಸಾಕು ಅನ್ನುವುದೂ ನೆನಪಿರಲಿ, ಬಾಗಿಲಿನ ಕೆಳಗೆ ಒಮ್ಮೆ ಬಗ್ಗಿ ನೋಡಿ.

ಇನ್ನು ಚೀಟಿ. ತುಂಬಿದ ತಿಂಗಳು, ವರ್ಷ, ಪದಾರ್ಥ ಯಾವುದು, ಎಷ್ಟು ತೂಕ, ಎಷ್ಟು ಸಿಸಿ ಪೊಟ್ಟಣ ಹಾಕಿದ್ದು, ಇಷ್ಟು ಬರೆದರೆ ಸಾಕು. ಬಿಳಿ ಅಕ್ಕಿಯೋ ತೌಡಿನದೋ ಅಂತ ಸ್ಪಷ್ಟವಾಗಿ ಬರೆಯಿರಿ, ಮುಚ್ಚಿದ ಚೀಲ ಮುಟ್ಟಿ ನೋಡಿದರೆ ಗೊತ್ತಾಗುವುದಿಲ್ಲ. ಚೀಟಿಯನ್ನು ಡಬ್ಬಿಯ ಮೈಗೆ ಅಂಟಿಸಿ, ಮುಚ್ಚಳಕ್ಕೆ ಬೇಡ. ತೊಳೆದು ಒಣಗಲು ಹಾಕಿದಾಗ ಮುಚ್ಚಳಗಳು ಅದಲುಬದಲಾಗುತ್ತವೆ. ಆಮೇಲೆ ಸಕ್ಕರೆ ಡಬ್ಬಿಯ ಮೇಲೆ ಉಪ್ಪು ಅಂತ ಬರೆದಿರುತ್ತದೆ.